ಬೇಲಿಯೊಳಗಿನ ಮುನಿರಾಜಣ್ಣ

ಮುನಿರಾಜಣ್ಣ ಸಾಯುವ ತನಕ ಅವರ ಹತ್ತೂ ಬೆರಳು ನೆಟ್ಟಗಿದ್ದವು. ಇದನ್ನು ಹೊಗಳಿಕೆ ಅಂತ ಯಾರೂ ತಿಳಿಯಬೇಡಿ. ಅವರ ಮೇಲೆ ನನಗಿರುವ ದೂರುಗಳಲ್ಲಿ ಇದೇ ಮೊದಲನೆಯದು. ಒಂದು ಸಲ, ಬರೀ ಒಂದೇ ಸಲ, ಆ ಯಂತ್ರ ತಾಗಿ ಅವರದೊಂದು ಉಗುರು ಹೋಗಿದ್ದರೂ ಸಾಕಿತ್ತು, ಇಡೀ ಕಾರ್ಖಾನೆ ನನ್ನ ಮಾತು ಕೇಳುತ್ತಿತ್ತು. ಏನೂ ಆಗಲಿಲ್ಲ. ಕಿಡಿ ಉಗುಳುತ್ತ ತಿರುಗುವ ಕಬ್ಬಿಣದ ತೋಳಿನ ಪಕ್ಕದಲ್ಲಿ ಆ ಮನುಷ್ಯ ಸಂತೆಯಲ್ಲಿ ಬದನೆಕಾಯಿ ಆರಿಸುವವರ ಹಾಗೆ ಓಡಾಡಿಕೊಂಡಿದ್ದು, ಸಂಜೆ ಕೈ ತೊಳೆದುಕೊಂಡು ಆರಾಮಾಗಿ ಮನೆಗೆ ಹೋಗುತ್ತಿದ್ದರು. ನೋಡಿ ನೋಡಿ ನನ್ನ ಹೊಟ್ಟೆ ಉರಿದುಹೋಗುತ್ತಿತ್ತು.

ನಮ್ಮ ಕಾರ್ಖಾನೆ ಇದ್ದದ್ದು ಜರಗನಹಳ್ಳಿಯಲ್ಲಿ, ಕನಕಪುರ ರಸ್ತೆಯಿಂದ ಒಳಗೆ. ಬೈಕುಗಳ ಸೈಲೆನ್ಸರ್ ಮಾಡುವ ದೊಡ್ಡ ಶೆಡ್ಡು. ಎರಡು ಸಾವಿರದ ಇಸವಿ ಕಳೆದ ಹೊಸದರಲ್ಲಿ ಮಾಲೀಕರು ಬೆಸುಗೆ ಹಾಕುವ ಒಂದು ರೋಬೋ ತರಿಸಿದರು. ಅದನ್ನು ನೋಡಿಕೊಳ್ಳುವ ಎಂಜಿನಿಯರ್ ಅಂತ ನನ್ನನ್ನು ತೆಗೆದುಕೊಂಡರು. ವಿಲ್ಸನ್ ಗಾರ್ಡನ್‌ನಿಂದ ಎರಡು ಬಸ್ಸು ಬದಲಿಸಿ, ಬೆವರು ಒರೆಸಿಕೊಂಡು ಒಳಗೆ ಬರುತ್ತಿದ್ದ ನನ್ನನ್ನು ಕಂಡರೆ ಅಲ್ಲಿ ಯಾರಿಗೂ ಹೆದರಿಕೆ ಇರಲಿಲ್ಲ. ರೋಬೋವನ್ನು ಕಂಡರೂ ಇರಲಿಲ್ಲ, ಅದೇ ನನ್ನ ತಲೆನೋವು.

ರೋಬೋ ಅಂದರೆ ಮನುಷ್ಯನ ಆಕಾರದ್ದೇನಲ್ಲ. ನೆಲಕ್ಕೆ ಬಿಗಿದ ಒಂದು ಕಿತ್ತಳೆ ಬಣ್ಣದ ತೋಳು, ತುದಿಯಲ್ಲಿ ವೆಲ್ಡಿಂಗ್ ಟಾರ್ಚು. ಕೆಲಸದವರು ಹೊರಗೆ ನಿಂತು ಒಂದು ಮೇಜಿನ ಮೇಲೆ ಕೊಳವೆಗಳನ್ನು ಜೋಡಿಸಬೇಕು, ಮೇಜು ಒಳಕ್ಕೆ ತಿರುಗುತ್ತದೆ, ತೋಳು ಬಂದು ಬೆಸುಗೆ ಹಾಕುತ್ತದೆ. ಅದಕ್ಕೆ ಕಣ್ಣಿಲ್ಲ. ಯಾವುದು ಕೊಳವೆ, ಯಾವುದು ಮೊಣಕೈ ಅಂತ ಗೊತ್ತಾಗುವುದಿಲ್ಲ. ಹೇಳಿಕೊಟ್ಟ ದಾರಿಯಲ್ಲಿ ಹೇಳಿಕೊಟ್ಟ ವೇಗದಲ್ಲಿ ಬರುತ್ತದೆ, ಅಡ್ಡ ಸಿಕ್ಕಿದ್ದನ್ನು ಮುರಿಯುತ್ತದೆ. ಅದಕ್ಕೇ ಸುತ್ತಲೂ ಆಳೆತ್ತರದ ತಂತಿ ಬೇಲಿ, ಅದಕ್ಕೊಂದು ಬಾಗಿಲು. ಬಾಗಿಲಿಗೆ ಒಂದು ಚಪ್ಪಟೆ ಕೀ ಕೂರಿಸಿದ್ದರು, ಚೌಕಟ್ಟಿನಲ್ಲಿ ಅದಕ್ಕೊಂದು ಕಿಂಡಿ. ಬಾಗಿಲು ಮುಚ್ಚಿ ಕೀ ಕಿಂಡಿಯೊಳಗಿದ್ದರೆ ಮಾತ್ರ ರೋಬೋ ಓಡುತ್ತದೆ. ಯಾರಾದರೂ ಬಾಗಿಲು ತೆರೆದರೆ ಕೀ ಆಚೆ ಬರುತ್ತದೆ, ರೋಬೋ ಅಲ್ಲೇ ನಿಲ್ಲುತ್ತದೆ. ಇಷ್ಟೇ ಏರ್ಪಾಡು. ಒಂದು ಮಗುವಿಗೂ ಅರ್ಥವಾಗುವಂಥದ್ದು. ಮುನಿರಾಜಣ್ಣನಿಗೂ ಅರ್ಥವಾಗಿತ್ತು, ಬೇಡವಾಗಿತ್ತು ಅಷ್ಟೆ.

ಅವರು ಜರಗನಹಳ್ಳಿಯ ಹಳೇ ಮನೆತನದವರು. ಹೊಲವಿದ್ದ ಕಡೆ ಸೈಟುಗಳಾಗಿ, ಸೈಟುಗಳ ಮೇಲೆ ಬಾಡಿಗೆ ಮನೆಗಳಾಗಿ, ದುಡಿಯಲೇಬೇಕಾದ ಗರಜು ಅವರಿಗೇನೂ ಇರಲಿಲ್ಲ. ಯಾಕೆ ಬರ್ತೀರಿ ಅಂತ ಕೇಳಿದರೆ, “ಮನೇಲಿ ಕೂತ್ರೆ ಬಾಡಿಗೆಯವರ ನೀರಿನ ಜಗಳ ಬಿಡಿಸೋದೇ ಕೆಲ್ಸ ಮೇಡಂ. ಅದಕ್ಕಿಂತ ಇಲ್ಲಿ ಬೆಂಕಿ ಮುಂದೆ ನಿಂತ್ಕೊಳೋದು ವಾಸಿ” ಅನ್ನುತ್ತಿದ್ದರು. ರೋಬೋ ಬರುವ ಮೊದಲು ಶೆಡ್ಡಿನಲ್ಲಿ ಅವರದೇ ಒಳ್ಳೆಯ ವೆಲ್ಡಿಂಗ್. ರೋಬೋ ಬಂದ ಮೇಲೆ ಅವರು ಮುನಿಸಿಕೊಳ್ಳುತ್ತಾರೆ ಎಂದು ಎಲ್ಲರೂ ಕಾದರೆ, ಈ ಮಹಾರಾಯರು ಅದಕ್ಕೆ ‘ಭಾಮೈದ’ ಅಂತ ಹೆಸರಿಟ್ಟುಬಿಟ್ಟರು. “ಕರೆದ್ರೆ ಬರ್ತಾನೆ, ಹೇಳಿದ್ ಕೆಲ್ಸ ಮಾಡ್ತಾನೆ. ಮರ್ಯಾದೆ ಸ್ವಲ್ಪ ಕಮ್ಮಿ ಆಯ್ತೋ, ಅಲ್ಲೇ ನಿಂತ್ಬಿಡ್ತಾನೆ. ಹೆಂಡ್ತಿ ತಮ್ಮನಲ್ದೆ ಇನ್ಯಾರು?” ಅಂತ ನಗಿಸುತ್ತಿದ್ದರು. ಅವರೆಕಾಯಿ ಕಾಲದಲ್ಲಿ ಹಿತಕಿದಬೇಳೆ ಸಾರನ್ನು ದೊಡ್ಡ ಡಬ್ಬಿಯಲ್ಲಿ ತಂದು ಎಲ್ಲರಿಗೂ ಬಡಿಸುತ್ತಿದ್ದರು. ನನಗೆ ಎರಡು ಸೌಟು ಜಾಸ್ತಿ. ಬೆಳಿಗ್ಗೆ ಅವರ ಮೇಲೆ ಕೂಗಾಡಿರುತ್ತಿದ್ದೆ, ಮಧ್ಯಾಹ್ನ ಅವರ ಮನೆಯ ಸಾರು ತಿನ್ನುತ್ತಿದ್ದೆ. ಇಂಥವರ ಮೇಲೆ ಸಿಟ್ಟನ್ನಾದರೂ ಎಷ್ಟು ಹೊತ್ತು ಇಟ್ಟುಕೊಳ್ಳುವುದು?

ಬೆಸುಗೆ ಹಾಕುತ್ತ ಹಾಕುತ್ತ ಕರಗಿದ ಕಬ್ಬಿಣದ ಹರಳುಗಳು ಸಿಡಿದು ಟಾರ್ಚಿನ ಬಾಯಿಗೆ ಕಟ್ಟಿಕೊಳ್ಳುತ್ತವೆ. ಆಗಾಗ ಕೆರೆದು ತೆಗೆಯದಿದ್ದರೆ ಬೆಸುಗೆ ತೂತು ತೂತಾಗುತ್ತದೆ. ಅದಕ್ಕೊಂದು ಕ್ರಮವಿತ್ತು: ರೋಬೋ ನಿಲ್ಲಿಸಬೇಕು, ಬಾಗಿಲು ತೆರೆಯಬೇಕು, ಕೆರೆಯಬೇಕು, ಹೊರಗೆ ಬಂದು ಬಾಗಿಲು ಹಾಕಬೇಕು, ಪ್ಯಾನಲ್ಲಿನ ಹತ್ತಿರ ಹೋಗಿ ಮತ್ತೆ ಶುರು ಮಾಡಬೇಕು. ಮುನಿರಾಜಣ್ಣನಿಗೆ ಇದು ದಂಡದ ಕೆಲಸವಾಗಿ ಕಾಣುತ್ತಿತ್ತು. ತೋಳು ಒಂದು ಬೆಸುಗೆ ಮುಗಿಸಿ ಇನ್ನೊಂದಕ್ಕೆ ಹೋಗುವ ಮುಂಚೆ ಒಂದು ಕಡೆ ಸ್ವಲ್ಪ ತಡೆಯುತ್ತಿತ್ತು. ಅಷ್ಟರಲ್ಲಿ ಅವರು ಮೇಜಿನ ಪಕ್ಕದ ಸಂದಿಯಿಂದ ನುಸುಳಿ, ಓಡುತ್ತಿರುವ ರೋಬೋದ ಟಾರ್ಚಿಗೇ ಕೈ ಹಾಕಿ ಕೆರೆದು ಆಚೆ ಬಂದುಬಿಡುತ್ತಿದ್ದರು. ಮೊದಲ ಸಲ ಅದನ್ನು ಕಂಡಾಗ ನನ್ನ ಕೈಲಿದ್ದ ಟೀ ಲೋಟ ಕೆಳಗೆ ಬಿತ್ತು.

“ಮುನಿರಾಜಣ್ಣ, ನಿಮಗೇನು ತಲೆ ಕೆಟ್ಟಿದೆಯಾ?”

“ಯಾಕ್ ಮೇಡಂ ಹಂಗೆ ಕೂಗ್ತೀರಾ? ಅವನು ಬರೋದು ಬಲಗಡೆಯಿಂದ. ನಾನು ನಿಲ್ಲೋದು ಎಡಗಡೆ. ನಮ್ಮಿಬ್ರಿಗೂ ಒಪ್ಪಂದ ಆಗಿದೆ.”

“ಅವನು ಒಪ್ಪಿದ್ದನ್ನ ನೀವು ಯಾವಾಗ ಕೇಳಿದ್ರಿ?”

“ಕೇಳೋದ್ಯಾಕೆ? ಇಷ್ಟು ದಿನದಿಂದ ಏನಾದ್ರೂ ಮಾಡಿದಾನಾ ನಂಗೆ?”

ಈ ಒಂದು ಮಾತಿಗೆ ನನ್ನ ಹತ್ತಿರ ಉತ್ತರವಿರಲಿಲ್ಲ ಅಂತಲ್ಲ. ಇತ್ತು, ಬೇಕಾದಷ್ಟಿತ್ತು. ಒಂದು ಕೇಬಲ್ ಹಾಳಾಗಬಹುದು, ಗಾಳಿಯ ಒತ್ತಡ ಇಳಿಯಬಹುದು, ನಾನೇ ನಾಳೆ ದಾರಿ ಬದಲಾಯಿಸಬಹುದು. ಎಲ್ಲವನ್ನೂ ಹೇಳಿದೆ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ಸುತ್ತ ನಿಂತವರಿಗೆ ನನ್ನ ‘ಬಹುದು’ಗಳಿಗಿಂತ ಅವರು ಸಲೀಸಾಗಿ ಒಳಗೆ ಹೋಗಿ ಬರುವುದೇ ದೊಡ್ಡದಾಗಿ ಕಾಣುತ್ತಿತ್ತು. ಆ ಸಂದಿಗೆ ತಗಡು ಬಡಿಸಿ ಮುಚ್ಚಿಸಿದೆ. ಅಂದಿನಿಂದ ಸೈಲೆನ್ಸರುಗಳ ಲೆಕ್ಕ ಇಳಿಯಿತು, ಮಾಲೀಕರು ನನ್ನನ್ನು ಕರೆದರು. ಟಾರ್ಚಿನ ಬಾಯಿಯನ್ನು ರೋಬೋ ತೋಳು ಚಾಚಿ ತಾನೇ ತೊಳೆದುಕೊಳ್ಳುವಂಥ ಒಂದು ಚಿಕ್ಕ ಯಂತ್ರ ಬರುತ್ತದೆ, ಅದನ್ನು ಕೊಂಡರೆ ಯಾರೂ ಒಳಗೆ ಹೋಗಬೇಕಿಲ್ಲ, ಕೆಲಸವೂ ನಿಲ್ಲುವುದಿಲ್ಲ ಎಂದು ಹೇಳಿದೆ. ಅವರು ಕುರ್ಚಿಗೆ ಒರಗಿಕೊಂಡು, “ಅದಕ್ಕೆಲ್ಲ ಯಾಕಮ್ಮ ಖರ್ಚು? ಮುನಿರಾಜು ಇದ್ದಾನಲ್ಲ” ಅಂದರು. ನಾನು ಆಚೆ ಬಂದು ಅವರ ಕೋಣೆಯ ಬಾಗಿಲನ್ನು ಎಷ್ಟು ಜೋರಾಗಿ ಹಾಕಬಹುದೋ ಅಷ್ಟು ಜೋರಾಗಿ ಹಾಕಿದೆ.

ಆ ವರ್ಷ ಆಯುಧಪೂಜೆ ಬಂತು. ಶೆಡ್ಡಿಗೆಲ್ಲ ಬಾಳೆಕಂಬ, ಮಾವಿನ ತೋರಣ. ಪ್ರತಿ ಯಂತ್ರಕ್ಕೂ ವಿಭೂತಿ, ಕುಂಕುಮ, ಸೇವಂತಿಗೆ ಹಾರ. ಮಾಲೀಕರ ತಾಯಿ, ತುಂಬ ವಯಸ್ಸಾದವರು, ರೋಬೋ ನೋಡಲೆಂದೇ ಬಂದಿದ್ದರು. ನಿಂತಿರುವ ಯಂತ್ರಕ್ಕೆ ಆರತಿ ಎತ್ತಿದರೆ ಏನು ಬಂತು, ಓಡುತ್ತಿರುವಾಗಲೇ ಎತ್ತಬೇಕು ಎಂದು ಹಟ ಹಿಡಿದರು. ಬಾಗಿಲು ತೆರೆದರೆ ಓಡುವುದಿಲ್ಲ, ಮುಚ್ಚಿದರೆ ಆರತಿಗೆ ತಂತಿ ಅಡ್ಡ, ಅದು ಅಜ್ಜಿಗೆ ಒಪ್ಪಿಗೆಯಿಲ್ಲ. ರಿಪೇರಿಯವರಿಗೆಂದು ಕಂಪನಿ ಕೊಟ್ಟಿದ್ದ ಇನ್ನೊಂದು ಕೀ ನನ್ನ ಬೀರುವಿನಲ್ಲಿ ಬೀಗದೊಳಗಿತ್ತು. ಅದನ್ನು ಕಿಂಡಿಗೆ ತುರುಕಿದರೆ ಬಾಗಿಲು ಹಾರು ಹೊಡೆದಿದ್ದರೂ ರೋಬೋ ಮುಚ್ಚಿದೆ ಅಂದುಕೊಳ್ಳುತ್ತದೆ. ಮಾಲೀಕರು ಅದನ್ನು ತರಲೇಬೇಕೆಂದರು. ಬೇಡ ಸಾರ್ ಎಂದೆ. “ಅಮ್ಮನ ಮುಂದೆ ಇದೆಲ್ಲ ಇಟ್ಕೋಬೇಡಿ” ಅಂದರು. ತೋಳನ್ನು ಆಮೆ ವೇಗಕ್ಕೆ ಇಳಿಸಿ, ನಿಲ್ಲಿಸುವ ಕೆಂಪು ಗುಂಡಿಯ ಮೇಲೆ ಕೈ ಇಟ್ಟುಕೊಂಡು ನಾನೇ ನಿಂತೆ. ಅಜ್ಜಿ ಹೊಸ್ತಿಲಾಚೆಯಿಂದಲೇ ಆರತಿ ಎತ್ತಿದರು, ಎಲ್ಲರೂ ಚಪ್ಪಾಳೆ ಹೊಡೆದರು, ಬೂದುಗುಂಬಳಕಾಯಿ ಒಡೆದರು.

ಅಲ್ಲಿಗೇ ಮುಗಿದಿದ್ದರೆ ನಾನು ಇದನ್ನೆಲ್ಲ ಬರೆಯುತ್ತಿರಲಿಲ್ಲ. ಕಿಂಡಿಯಿಂದ ಕೀ ತೆಗೆದ ಕೂಡಲೇ ಪುರೋಹಿತರು ಅದನ್ನು ತಟ್ಟೆಯಲ್ಲಿಟ್ಟು, ಕುಂಕುಮ ಹಚ್ಚಿ, ಹೂವು ಏರಿಸಿದರು. ಇದನ್ನು ಓಡಿಸುವವರು ಯಾರು ಎಂದು ಅಜ್ಜಿ ಕೇಳಿದರು. ಎಲ್ಲರೂ ಮುನಿರಾಜಣ್ಣನನ್ನು ಮುಂದೆ ತಳ್ಳಿದರು. ಅಜ್ಜಿ ಹಣ್ಣು, ತೆಂಗಿನಕಾಯಿಯ ಜೊತೆಗೆ ಕೀಯನ್ನೂ ಅವರ ಕೈಗೆ ಹಾಕಿ, “ಚೆನ್ನಾಗಿ ನೋಡ್ಕೊಳಪ್ಪ” ಅಂದರು. ಅವರು ಕಣ್ಣಿಗೊತ್ತಿಕೊಂಡರು. ಮರುದಿನ ನೋಡುತ್ತೇನೆ, ಕೀ ಅವರ ಉಡಿದಾರದಲ್ಲಿ!

“ಕೊಡಿ ಮುನಿರಾಜಣ್ಣ ಅದನ್ನ. ಬೀರುವಿನಲ್ಲಿ ಇಡಬೇಕು.”

“ಎಲ್ಲಾದ್ರೂ ಉಂಟಾ ಮೇಡಂ? ಹಿರಿಯರು ಪೂಜೆ ಮಾಡಿ ಕೊಟ್ಟಿದ್ದು. ವಾಪಸ್ ಕೊಟ್ರೆ ಅವಮರ್ಯಾದೆ ಆಗಲ್ವಾ?”

“ಅದು ಪ್ರಸಾದ ಅಲ್ಲ ರೀ, ಕೀ!”

“ತಟ್ಟೇಲಿ ಬಂದ್ಮೇಲೆ ಎಲ್ಲಾ ಪ್ರಸಾದಾನೇ.”

ಮಾಲೀಕರ ಹತ್ತಿರ ಹೋದೆ. ಅವರೂ ಅದೇ ರಾಗ. “ಅಮ್ಮ ಕೊಟ್ಟಿದ್ದನ್ನ ನಾನು ಹೇಗಮ್ಮ ಕಿತ್ಕೊಳ್ಳಲಿ?” ಹಾಗಾದರೆ ಬಾಗಿಲಿನ ಬೀಗವನ್ನೇ ಬದಲಾಯಿಸಿ ಎಂದೆ. ನೋಡೋಣ ಅಂದರು. ನಮ್ಮಲ್ಲಿ ನೋಡೋಣ ಅಂದರೆ ಅದರ ಸುದ್ದಿ ಮತ್ತೆ ಎತ್ತಬೇಡ ಅಂತ ಅರ್ಥ. ನಾನು ಎತ್ತಿದೆ, ವಾರವಾರವೂ ಎತ್ತಿದೆ. ಆಫೀಸಿನಲ್ಲಿ ನನಗೆ ಬೇಲಿ ಮೇಡಂ ಅಂತ ಹೆಸರು ಬಿತ್ತು. ಇತ್ತ ಮುನಿರಾಜಣ್ಣ ಕೀಯನ್ನು ಕಿಂಡಿಗೆ ಸಿಕ್ಕಿಸಿ, ಬಾಗಿಲು ತೆರೆದಿಟ್ಟುಕೊಂಡು, ರಾಜಮಾರ್ಗದಲ್ಲೇ ಒಳಗೆ ಹೋಗಿ ಬರತೊಡಗಿದರು. ಲೆಕ್ಕ ಮತ್ತೆ ಏರಿತು. ವರ್ಷದ ಒಳ್ಳೆಯ ಕೆಲಸಗಾರ ಎಂದು ಶಾಲು ಹೊದಿಸಿದರು. ನಾನೂ ಚಪ್ಪಾಳೆ ತಟ್ಟಬೇಕಾಯಿತು, ಏನು ಮಾಡುವುದು?

ಈರಪ್ಪ ಬಂದದ್ದು ಆಮೇಲೆ. ಹುಬ್ಬಳ್ಳಿ ಕಡೆಯವರು, ಮುನಿರಾಜಣ್ಣನ ಮನೆಯಲ್ಲೇ ಬಾಡಿಗೆಗಿದ್ದರು. ಹೆಂಡತಿ, ಇಬ್ಬರು ಮಕ್ಕಳು. ಮುನಿರಾಜಣ್ಣನೇ ಮಾಲೀಕರಿಗೆ ಹೇಳಿ ಕೆಲಸ ಕೊಡಿಸಿ, ತಮ್ಮ ಪಕ್ಕದಲ್ಲೇ ನಿಲ್ಲಿಸಿಕೊಂಡರು. ಈರಪ್ಪನಿಗೆ ಅವರೆಂದರೆ ದೇವರು. ಅವರು ಟವೆಲ್ ಸುತ್ತುವ ಹಾಗೇ ಸುತ್ತಿಕೊಳ್ಳುವುದು, ಅವರು ನಿಂತ ಜಾಗದಲ್ಲೇ ನಿಲ್ಲುವುದು. ನನ್ನ ಜೀವ ಹೋದ ಹಾಗಾಯಿತು. ಒಬ್ಬರನ್ನು ಕಾಯುವುದೇ ಸಾಕಾಗಿತ್ತು, ಈಗ ಇಬ್ಬರು. “ಈರಪ್ಪ, ನೀವು ಮಾತ್ರ ಒಳಗೆ ಹೋಗಬೇಡಿ” ಎಂದು ಬೇರೆ ಕರೆದು ಹೇಳಿದೆ. “ಆತ್ರಿ ಮೇಡಂ” ಅಂದರು. ಮುನಿರಾಜಣ್ಣನಿಗೂ ಹೇಳಿದೆ, ನಿಮ್ಮ ಹಣೆಬರಹ ನಿಮಗೆ, ಅವರಿಗೆ ಇದನ್ನು ಕಲಿಸಬೇಡಿ ಎಂದು. ಅವರು ನಕ್ಕರು. “ಕಲಿಸ್ದೆ ಇದ್ರೆ ತಾನಾಗೇ ಮಾಡ್ತಾನೆ, ಏಟು ತಿಂತಾನೆ. ನಾನು ಸರಿಯಾಗಿ ಕಲಿಸ್ತೀನಿ ಬಿಡಿ ಮೇಡಂ.” ಅವರ ಧಾಟಿಯಲ್ಲಿ ಅದು ಕಾಳಜಿಯೇ. ನಾನು ತಲೆ ಚಚ್ಚಿಕೊಂಡೆ.

ಹೊಸ ಮಾಡೆಲ್ಲಿನ ಸೈಲೆನ್ಸರಿಗೆ ಆರ್ಡರ್ ಬಂತು. ಅದರ ಬಾಗು ಬೇರೆ, ಹಾಗಾಗಿ ತೋಳಿನ ದಾರಿಯೂ ಬೇರೆ. ಇನ್ನು ಮುಂದೆ ಅದು ಎಡಗಡೆಯಿಂದ ತಿರುಗಿ ಬರುತ್ತದೆ. ನಾನು ಬೆಳಿಗ್ಗೆ ಎಲ್ಲರನ್ನೂ ನಿಲ್ಲಿಸಿಕೊಂಡು ಹೇಳಿದೆ, ಬಾಗಿಲ ಮೇಲೆ ದಪ್ಪ ಅಕ್ಷರದಲ್ಲಿ ಬರೆದೂ ಅಂಟಿಸಿದೆ. ಮುನಿರಾಜಣ್ಣ ಅಂದು ರಜೆ. ಮೊಮ್ಮಗಳ ಮುಡಿ ಕೊಡಲು ಮನೆದೇವರಿಗೆ ಹೋಗಿದ್ದರು. ಹೋಗುವ ಮುಂಚೆ ಉಡಿದಾರದಿಂದ ಕೀ ಬಿಚ್ಚಿ ಈರಪ್ಪನಿಗೆ ಕೊಟ್ಟು ಹೋಗಿದ್ದರು. ಅದು ನನಗೆ ಗೊತ್ತಿರಲಿಲ್ಲ.

ನಾನು ಶೆಡ್ಡಿನ ಆ ತುದಿಯಲ್ಲಿದ್ದೆ. ಕಿರುಚಿದ್ದು ಕೇಳಿಸಿತು. ಯಾರೋ ಕೆಂಪು ಗುಂಡಿ ಒತ್ತಿದರು. ಓಡಿ ಬಂದಾಗ ಈರಪ್ಪ ಎಡಗಡೆ, ಮುನಿರಾಜಣ್ಣ ತೋರಿಸಿಕೊಟ್ಟ ಜಾಗದಲ್ಲೇ ಇದ್ದರು. ಬಲಗೈ ರೋಬೋದ ತೋಳಿಗೂ ಮೇಜಿಗೂ ನಡುವೆ ಸಿಕ್ಕಿಕೊಂಡಿತ್ತು. ಜಯನಗರದ ಆಸ್ಪತ್ರೆಗೆ ಮಾಲೀಕರ ಕಾರಿನಲ್ಲೇ ಕರೆದುಕೊಂಡು ಹೋದೆವು. ದಾರಿಯುದ್ದಕ್ಕೂ ಅವರು ನನ್ನನ್ನು ಕೇಳಿದ್ದು ಒಂದೇ ಮಾತು. “ಮುನಿರಾಜಣ್ಣ ಬೈತಾರೇನ್ರಿ ಮೇಡಂ?” ಕೈ ಉಳಿಯಿತು. ಆದರೆ ಬೆರಳು ಮಡಿಸಲಾಗದು, ಭಾರ ಎತ್ತಲಾಗದು ಎಂದು ಡಾಕ್ಟರು ಹೇಳಿದರು.

ಮುನಿರಾಜಣ್ಣ ವಾಪಸು ಬಂದರು. ನಾನು ಗೇಟಿನ ಹತ್ತಿರವೇ ತಡೆದು ಬಾಯಿಗೆ ಬಂದ ಹಾಗೆ ಬೈದೆ. ವಯಸ್ಸನ್ನೂ ನೋಡಲಿಲ್ಲ, ಸುತ್ತ ಯಾರಿದ್ದಾರೆ ಅಂತಲೂ ನೋಡಲಿಲ್ಲ. ಅವರು ಎಲ್ಲವನ್ನೂ ತಲೆ ತಗ್ಗಿಸಿ ಕೇಳಿಸಿಕೊಂಡರು. ಆ ವಾರ ಸರ್ಕಾರದ ಅಧಿಕಾರಿ ವಿಚಾರಣೆಗೆ ಬಂದರು. ಈರಪ್ಪನೇ ಬೀಗ ಮುರಿದು ಒಳಗೆ ಹೋದ ಎಂದು ಹೇಳಿಬಿಡು ಅಂತ ಮಾಲೀಕರು ಮುನಿರಾಜಣ್ಣನಿಗೆ ಹೇಳಿಕೊಟ್ಟಿದ್ದು ನಮಗೆಲ್ಲ ಗೊತ್ತಿತ್ತು. ಹಾಗೆ ಹೇಳಿದ್ದರೆ ಈರಪ್ಪನಿಗೆ ಪರಿಹಾರ ಅಂತ ಏನೂ ಸಿಗುತ್ತಿರಲಿಲ್ಲ. ಮುನಿರಾಜಣ್ಣ ಅಧಿಕಾರಿಯ ಮುಂದೆ ಕೈಕಟ್ಟಿ ನಿಂತರು. “ಕೀ ನಂದು ಸಾರ್. ಅವನಿಗೆ ಕೊಟ್ಟಿದ್ದೂ ನಾನೇ, ಒಳಗೋಗು ಅಂದಿದ್ದೂ ನಾನೇ. ಬರ್ಕೊಳ್ಳಿ.” ಮಾಲೀಕರ ಮುಖ ಕಪ್ಪಿಟ್ಟಿತು. ನನಗೆ ಅಳು ಬಂತು, ಎಷ್ಟಾದರೂ ದೊಡ್ಡ ಮನುಷ್ಯ ಅನ್ನಿಸಿತು. ಅಧಿಕಾರಿ ಅತ್ತ ಹೋದರು. ಮುನಿರಾಜಣ್ಣ ನನ್ನ ಹತ್ತಿರ ಬಂದು ಮೆಲ್ಲಗೆ ಅಂದರು:

“ಆದ್ರೂ ಮೇಡಂ, ನೀವು ಆ ದಾರಿ ಒಂದು ಬದಲಾಯಿಸ್ದೇ ಇದ್ದಿದ್ರೆ ಏನೂ ಆಗ್ತಿರ್ಲಿಲ್ಲ.”

ದೇವರೇ! ಇಷ್ಟೆಲ್ಲ ಆದ ಮೇಲೆ ಆ ಮನುಷ್ಯನಿಗೆ ತಿಳಿದದ್ದು ಇಷ್ಟು.

ಊರೆಲ್ಲ ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ಟಾರ್ಚು ತೊಳೆಯುವ ಯಂತ್ರ ಬಂತು, ಬಾಗಿಲಿಗೆ ಹೊಸ ಬೀಗ ಬಂತು. ಒಳಗೆ ಹೋಗುವ ಅಗತ್ಯವೇ ಇಲ್ಲವಾಗಿ, ಲೆಕ್ಕ ಮುನಿರಾಜಣ್ಣನ ಕಾಲಕ್ಕಿಂತ ಮೇಲೇರಿತು. ಇದನ್ನೇ ಅಲ್ಲವೇ ನಾನು ಮೊದಲಿಂದಲೂ ಬಡಕೊಂಡದ್ದು? ಅದನ್ನು ಗಮನಿಸಿದವಳು ನಾನೊಬ್ಬಳೇ. ಮುನಿರಾಜಣ್ಣ ಪ್ಯಾಕಿಂಗ್ ಕಡೆಗೆ ಹಾಕಿಸಿಕೊಂಡರು. ಭಾಮೈದನ ಸುದ್ದಿ ಎತ್ತಲಿಲ್ಲ. ಸ್ವಲ್ಪ ದಿನಕ್ಕೆ ಕೆಲಸ ಬಿಟ್ಟರು. ತಮ್ಮ ಮನೆಯ ಕೆಳಗಿನ ಮಳಿಗೆಯಲ್ಲಿ ಈರಪ್ಪನಿಗೆ ಒಂದು ದಿನಸಿ ಅಂಗಡಿ ಹಾಕಿಕೊಟ್ಟರು. ನಾನು ಬಸ್ಸಿಳಿದು ಆ ದಾರಿಯಲ್ಲೇ ಬರಬೇಕಿತ್ತು. ಬೆಳಿಗ್ಗೆ ಅಂಗಡಿಯ ಶಟರನ್ನು ಮುನಿರಾಜಣ್ಣನೇ ಎತ್ತುತ್ತಿದ್ದರು, ಈರಪ್ಪನ ಕೈಲಿ ಅದು ಆಗುತ್ತಿರಲಿಲ್ಲ. ಎತ್ತಿ, ಅಕ್ಕಿ ಮೂಟೆ ಮುಂದಕ್ಕೆಳೆದು, ಸಕ್ಕರೆ ಪೊಟ್ಟಣ ಕಟ್ಟುತ್ತ ಕೂರುತ್ತಿದ್ದರು. “ಬನ್ನಿ ಮೇಡಂ, ಟೀ ಕುಡ್ಕೊಂಡ್ ಹೋಗಿ” ಎಂದು ಕರೆಯುತ್ತಿದ್ದರು. ಕೆಲವು ಸಲ ಹೋದೆ. ಅವರ ಬಾಯಿಂದ ತಪ್ಪಾಯಿತು ಎಂಬ ಒಂದು ಮಾತು ಬರಲಿ ಎಂದು ಕಾದು ಕಾದು ಟೀ ಕುಡಿದೆ. ಬರಲಿಲ್ಲ. ಬದಲಿಗೆ ಅವರೆಕಾಯಿ ಹೋಗಿ ತೊಗರಿಕಾಯಿ ಬಂದಿದೆ, ಮಳೆ ಸರಿಯಾಗಿಲ್ಲ, ಇಂಥವೇ. ಆಮೇಲೆ ನನಗೆ ಬೇರೆ ಕಡೆ ಕೆಲಸ ಸಿಕ್ಕಿತು, ಆ ದಾರಿ ತಪ್ಪಿತು.

ಅವರು ತೀರಿಕೊಂಡ ಸುದ್ದಿ ಫೋನಿನಲ್ಲಿ ಬಂತು. ಹನ್ನೊಂದನೇ ದಿನದ ಊಟಕ್ಕೆ ಹೋದೆ. ಬೀದಿಗೆ ಅಡ್ಡಲಾಗಿ ಶಾಮಿಯಾನ ಹಾಕಿದ್ದರು. ನನ್ನ ಪಕ್ಕದಲ್ಲಿ ಈರಪ್ಪ ಕೂತಿದ್ದರು, ಎಡಗೈಯಲ್ಲಿ ಚಮಚ ಹಿಡಿದು ಅನ್ನ ಕಲಸಿಕೊಳ್ಳುತ್ತಿದ್ದರು. ಎದುರು ಸಾಲಿನಲ್ಲಿ ನಮ್ಮ ಹಳೇ ಕಾರ್ಖಾನೆಯ ಹೊಸ ಕೆಲಸಗಾರರು, ಮುನಿರಾಜಣ್ಣನನ್ನು ಕಂಡೇ ಇಲ್ಲದವರು. ಅವರಿಗೆ ಈರಪ್ಪ ಕಥೆ ಹೇಳುತ್ತಿದ್ದರು.

“ಅವರು ಒಳಗ ಹೊಂಟ್ರ ರೋಬೋನ ಸರದು ದಾರಿ ಬಿಡ್ತಿತ್ತು ನೋಡ್ರಿ. ಬೇಲಿ ಗೀಲಿ ಏನಿಲ್ಲ. ಅಂಥಾ ಕೈ ಇನ್ನ ಹುಟ್ಟಂಗಿಲ್ಲ.”

ಎದುರಿನವರು ಊಟ ಬಿಟ್ಟು ಬಾಯಿ ತೆರೆದುಕೊಂಡು ಕೇಳುತ್ತಿದ್ದರು. ಅವರಲ್ಲೊಬ್ಬ, “ನಿಜ್ವಾಗ್ಲೂ ಹೋಗ್ಬೋದಾ ಅಣ್ಣ ಹಂಗೆ? ಹೆಂಗೆ ಹೋಗ್ತಿದ್ರು?” ಅಂತ ಕೇಳಿದ.

“ಈರಪ್ಪ,” ಅಂದೆ, “ನಿಮ್ಮ ಕೈ ಹೀಗಾಗಿದ್ದು ಅದರಿಂದಲೇ ಅಲ್ವಾ? ಅದನ್ನೂ ಹೇಳಿ ಇವರಿಗೆ.”

ಈರಪ್ಪ ನನ್ನ ಕಡೆ ತಿರುಗಿ, ಒಂದಿಷ್ಟೂ ಬೇಜಾರಿಲ್ಲದೆ ನಕ್ಕರು.

“ಅದು ನನ್ನ ತಪ್ಪ್ರಿ ಮೇಡಂ. ಅವರು ಬರೋಬ್ಬರಿನ ತೋರಿಸಿಕೊಟ್ಟಿದ್ರು. ನನಗ ಅವರಂಗ ಬರ್ಲಿಲ್ಲ.”

ನನ್ನ ಮೈಯೆಲ್ಲ ಉರಿದುಹೋಯಿತು. ಎಲೆ ಮುಂದಿನಿಂದ ಎದ್ದು ನಿಂತುಬಿಟ್ಟೆ. ಇದಕ್ಕೆ ಉತ್ತರ ಕೊಡಬೇಕಾದವರು ಒಬ್ಬರೇ, ಅವರ ಬಾಯಿಂದಲೇ ಇವರಿಗೆಲ್ಲ ಇವತ್ತೇ ಹೇಳಿಸಬೇಕು ಅನ್ನಿಸಿತು.

“ಎಲ್ಲಿ ಮುನಿರಾಜಣ್ಣ? ಕರೀರಿ ಅವರನ್ನ!” ಎಂದು ಕೂಗಿದೆ, ಅವರದೇ ತಿಥಿಗೆ ಬಂದಿದ್ದೇನೆ ಅನ್ನುವುದನ್ನೂ ಮರೆತು.

ಬಡಿಸುವವರು ನಿಂತರು. ಪಂಕ್ತಿಯವರೆಲ್ಲ ಕೈ ತಡೆದು ನನ್ನ ಮುಖ ನೋಡಿದರು.